ಡ್ರೈವರ್ ‘ಊದಲ್ಲ’ ಅಂದಾಗ ಲಾರಿ ಮಾಲೀಕರು ಏನು ಮಾಡಬೇಕು?

ಲೋಡ್ ಆಗಿದೆ, ಟಾರ್ಪಾಲು ಕಟ್ಟಾಗಿದೆ, ರಾತ್ರಿಯೇ ಗಾಡಿ ಹೊರಡಬೇಕು. ಡ್ರೈವರ್ ಹತ್ತಿರ ಬಂದಾಗ ವಾಸನೆ ಹೊಡೆಯುತ್ತದೆ. ಆಫೀಸಿನಲ್ಲಿ ಉಸಿರು ಪರೀಕ್ಷೆಯ ಮಷಿನ್ ಇದೆ. ‘ಒಂದು ಸಲ ಊದಪ್ಪ’ ಅಂದರೆ ‘ಊದಲ್ಲ’ ಅನ್ನುತ್ತಾರೆ. ಈಗೇನು ಮಾಡೋದು? ದಾವಣಗೆರೆ, ಹರಿಹರ, ಚಿತ್ರದುರ್ಗ, ಹಿರಿಯೂರು ಕಡೆ ಲಾರಿ, ಬಸ್ಸು, ಶಾಲಾ ವ್ಯಾನ್ ಇಟ್ಟುಕೊಂಡವರಿಗೆ ಈ ಪ್ರಶ್ನೆ ಹೊಸದಲ್ಲ. ಉತ್ತರ ಮಾತ್ರ ಬಹಳ ಜನರ ಹತ್ತಿರ ಇಲ್ಲ. ಕೆಲವರು ಎಲ್ಲರೆದುರು ಬೈದು ಅಲ್ಲೇ ಕೆಲಸ ಬಿಡಿಸುತ್ತಾರೆ. ಇನ್ನು ಕೆಲವರು ಲೋಡ್ ತಡವಾದರೆ ಸರಕಿನ ಪಾರ್ಟಿ ಕೂಗಾಡುತ್ತಾರೆ ಅಂತ ಹೆದರಿ ಕೀ ಕೊಟ್ಟು ಕಳಿಸುತ್ತಾರೆ. ಎರಡೂ ತಪ್ಪು. ಎರಡನೆಯದು ಪ್ರಾಣ ತೆಗೆಯುವ ತಪ್ಪು.

ಆ ಗಳಿಗೆಯಲ್ಲಿ ಎರಡು ಪ್ರಶ್ನೆ ಒಟ್ಟಿಗೆ ಎದುರಾಗುತ್ತವೆ, ಗೊಂದಲ ಆಗೋದು ಅಲ್ಲೇ. ಈ ಮನುಷ್ಯ ಈ ರಾತ್ರಿ ಗಾಡಿ ಓಡಿಸಬೇಕಾ ಅನ್ನೋದು ಒಂದು. ನಮ್ಮಲ್ಲಿ ಕೆಲಸದಲ್ಲಿ ಇರಬೇಕಾ ಅನ್ನೋದು ಇನ್ನೊಂದು. ಮೊದಲನೆಯದನ್ನು ಎರಡು ನಿಮಿಷದಲ್ಲಿ ತೀರ್ಮಾನಿಸಬೇಕು. ಅದಕ್ಕೆ ಪುರಾವೆ ಬೇಕಿಲ್ಲ, ಗಟ್ಟಿ ಅನುಮಾನ ಸಾಕು. ಎರಡನೆಯದನ್ನು ಅವರ ಮಾತು ಕೇಳಿ, ಕಾಗದದ ಮೇಲೆ ಬರೆದು, ನಿಧಾನವಾಗಿ ತೀರ್ಮಾನಿಸಬೇಕು. ಕೀ ತಡೆಯೋದಕ್ಕೂ ಕೆಲಸ ಕಿತ್ತುಕೊಳ್ಳೋದಕ್ಕೂ ಬಹಳ ದೂರ ಇದೆ. ಇದನ್ನು ಬೇರೆ ಬೇರೆ ಮಾಡಿಕೊಂಡರೆ ಮಿಕ್ಕಿದ್ದು ಸುಲಭ.

ಪೊಲೀಸರ ಅಧಿಕಾರ, ಮಾಲೀಕರ ಅಧಿಕಾರ

ಮೊದಲು ಪೊಲೀಸರ ಲೆಕ್ಕ ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 185 ಹೇಳೋದು ಇದು: 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇಟ್ಟುಕೊಂಡು ಗಾಡಿ ಓಡಿಸಿದರೆ ಅಪರಾಧ. ಗಾಂಜಾ, ಮಾತ್ರೆ ಮುಂತಾದವುಗಳಿಗೆ ಇಂತಿಷ್ಟು ಅಂತ ಅಂಕಿ ಇಲ್ಲ. ಗಾಡಿ ಹಿಡಿತದಲ್ಲಿಡಲು ಆಗದಷ್ಟು ಅಮಲು ಇದ್ದರೆ ಅದೂ ಅಪರಾಧ. 2019ರ ತಿದ್ದುಪಡಿ ಆದಮೇಲೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿ, ಅಥವಾ ಎರಡೂ. ಪೊಲೀಸರು ಡಿಎಲ್ ವಶಕ್ಕೆ ತೆಗೆದುಕೊಂಡು ಆರ್‌ಟಿಒಗೆ ಕಳಿಸಲೂ ಅದೇ ಕಾಯ್ದೆಯಲ್ಲಿ ಅವಕಾಶ ಇದೆ.

ರಸ್ತೆಯಲ್ಲಿ ‘ಊದು’ ಅನ್ನುವ ಅಧಿಕಾರ ಸೆಕ್ಷನ್ 203ರಿಂದ ಬರುತ್ತದೆ. ಅದು ಇರುವುದು ಯೂನಿಫಾರ್ಮ್ ಹಾಕಿದ ಪೊಲೀಸ್ ಅಧಿಕಾರಿಗೆ ಮತ್ತು ಅಧಿಕಾರ ಪಡೆದ ಮೋಟಾರು ವಾಹನ ಇಲಾಖೆಯ ಅಧಿಕಾರಿಗೆ. ಅವರಿಗೆ ಕುಡಿದ ಅನುಮಾನ ಬಂದು, ಡ್ರೈವರ್ ಊದಲು ಒಪ್ಪದಿದ್ದರೆ ವಾರಂಟ್ ಇಲ್ಲದೆ ಬಂಧಿಸಬಹುದು. ಆಮೇಲೆ ಸ್ಟೇಷನ್‌ನಲ್ಲಿ ಊದಲು ಇನ್ನೊಂದು ಅವಕಾಶ ಕೊಡಬೇಕು. ಅಲ್ಲೂ ಒಪ್ಪದಿದ್ದರೆ ಸೆಕ್ಷನ್ 204ರಡಿ ವೈದ್ಯರಿಂದ ರಕ್ತದ ಮಾದರಿ ಕೇಳಬಹುದು. ಬಂಧಿಸಿದ 2 ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗದಿದ್ದರೆ ಬಿಡಬೇಕು ಅಂತ ಸೆಕ್ಷನ್ 202 ಹೇಳುತ್ತದೆ. ಡ್ರೈವರ್‌ಗೂ ರಕ್ಷಣೆ ಇದೆ ಅನ್ನೋದನ್ನು ಗಮನಿಸಿ.

ಈ ಸಾಲಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸೋದು ಸೆಕ್ಷನ್ 205. ಪರೀಕ್ಷೆಗೆ ಒಪ್ಪದಿದ್ದರೆ, ಅದಕ್ಕೆ ಸರಿಯಾದ ಕಾರಣ ತೋರಿಸದಿದ್ದರೆ, ಕುಡಿದಿದ್ದರು ಅನ್ನಲು ಸಿಕ್ಕ ಬೇರೆ ಸಾಕ್ಷ್ಯಕ್ಕೆ ಆ ನಿರಾಕರಣೆ ಬೆಂಬಲ ಅಂತ ಕೋರ್ಟು ಊಹಿಸಬಹುದು. ‘ಬೇರೆ ಸಾಕ್ಷ್ಯಕ್ಕೆ ಬೆಂಬಲ’ ಅನ್ನೋ ಮಾತನ್ನು ಹಿಡಿದುಕೊಳ್ಳಿ. ಒಲ್ಲೆ ಅಂದದ್ದೇ ಪೂರ್ತಿ ಪುರಾವೆ ಅಂತ ಕಾಯ್ದೆ ಹೇಳಿಲ್ಲ. ಅದಕ್ಕೆ ಬೆಲೆಯೇ ಇಲ್ಲ ಅಂತಲೂ ಹೇಳಿಲ್ಲ. ಮಾಲೀಕರೂ ಇದೇ ಅಳತೆ ಇಟ್ಟುಕೊಂಡರೆ ಯಾರಿಗೂ ಅನ್ಯಾಯ ಆಗೋದಿಲ್ಲ.

‘ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಬೇಕಾ?’ ಅಂತ ಕೇಳುವ ಡ್ರೈವರ್‌ಗಳೂ ಇದ್ದಾರೆ. ನ್ಯಾಯವಾದ ಪ್ರಶ್ನೆಯೇ. ಸಂವಿಧಾನದ 20(3)ನೇ ವಿಧಿ ಆರೋಪಿಗೆ ಆ ರಕ್ಷಣೆ ಕೊಟ್ಟಿದೆ. ಆದರೆ 1961ರಲ್ಲೇ ಸುಪ್ರೀಂ ಕೋರ್ಟು ಕಾಠಿ ಕಾಲು ಓಘಡ್ ಪ್ರಕರಣದಲ್ಲಿ ಬೆರಳಚ್ಚು, ಕೈಬರಹದಂಥವು ‘ಸಾಕ್ಷಿ ಹೇಳುವುದು’ ಆಗೋದಿಲ್ಲ ಅಂದಿತು. 2010ರಲ್ಲಿ ನಮ್ಮ ರಾಜ್ಯದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ ಮಾಡುವಂತಿಲ್ಲ ಅಂತ ತೀರ್ಪಾಯಿತು. ಮನಸ್ಸಿನಲ್ಲಿರೋದನ್ನು ಬಾಯಿ ಬಿಡಿಸೋದು ಬೇರೆ, ಮೈಯಿಂದ ಸಿಗುವ ಉಸಿರು, ರಕ್ತದ ಮಾದರಿ ಬೇರೆ.

ಇದೆಲ್ಲ ಪೊಲೀಸರ ಮಾತಾಯಿತು. ಮಾಲೀಕರಿಗೆ ಇದರಲ್ಲಿ ಯಾವ ಅಧಿಕಾರವೂ ಇಲ್ಲ. ಬಲವಂತವಾಗಿ ಊದಿಸುವಂತಿಲ್ಲ. ಕೋಣೆಯಲ್ಲಿ ಕೂಡಿ ಹಾಕುವಂತಿಲ್ಲ. ಮೊಬೈಲು ಕಿತ್ತುಕೊಳ್ಳುವಂತಿಲ್ಲ. ಡಿಎಲ್, ಆಧಾರ್ ಕಾರ್ಡ್ ಒತ್ತೆ ಇಟ್ಟುಕೊಳ್ಳುವಂತಿಲ್ಲ. ನಿಮ್ಮ ಕೈಯಲ್ಲಿ ಇರೋದು ಎರಡೇ. ಒಂದು, ಗಾಡಿ ನಿಮ್ಮದು, ಕೀ ಯಾರಿಗೆ ಕೊಡಬೇಕು ಅನ್ನೋದು ನಿಮ್ಮ ತೀರ್ಮಾನ. ಇನ್ನೊಂದು, ಕೆಲಸಕ್ಕೆ ಸೇರುವಾಗ ಇಬ್ಬರೂ ಒಪ್ಪಿ ಸಹಿ ಹಾಕಿದ ಷರತ್ತು. ಎಷ್ಟು ಜನರ ಹತ್ತಿರ ಆ ಕಾಗದ ಇದೆ? ಒಂದೋ ಎರಡೋ ಲಾರಿ ಇಟ್ಟುಕೊಂಡವರಲ್ಲಿ ಬಾಯಿ ಮಾತೇ ಎಲ್ಲ. ಕಷ್ಟ ಶುರುವಾಗೋದೇ ಅಲ್ಲಿ.

ಕೀ ಕೊಟ್ಟು ಕಳಿಸಿದರೆ

‘ಅವನು ಊದಲಿಲ್ಲ, ನನಗೇನು ಗೊತ್ತು ಅವನು ಕುಡಿದಿದ್ದ ಅಂತ?’ ಅಂದರೆ ತಪ್ಪಿಸಿಕೊಳ್ಳಬಹುದು ಅಂತ ಕೆಲವು ಮಾಲೀಕರ ಲೆಕ್ಕ. ಆ ಲೆಕ್ಕ ನಿಲ್ಲೋದಿಲ್ಲ. ಸೆಕ್ಷನ್ 188 ಪ್ರಕಾರ ಕುಡಿದು ಓಡಿಸುವ ಅಪರಾಧಕ್ಕೆ ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆ. ಅನುಮಾನ ಬಂದು, ಊದಲು ಹೇಳಿ, ಒಲ್ಲೆ ಅಂದಮೇಲೂ ನೀವೇ ಕೀ ಕೊಟ್ಟಿರಿ ಅಂತ ಕ್ಲೀನರ್ ಹೇಳಿಕೆ ಕೊಟ್ಟರೆ ಏನು ಉತ್ತರ ಹೇಳುತ್ತೀರಿ?

ಇನ್ನು ವಿಮೆ. ಪರೀಕ್ಷೆಯೇ ಆಗದಿದ್ದರೆ ಕುಡಿದದ್ದು ಸಾಬೀತಾಗೋದಿಲ್ಲ, ಕ್ಲೇಮ್ ಬರುತ್ತದೆ ಅನ್ನೋ ನಂಬಿಕೆ ಬಹಳ ಕಾಲ ಇತ್ತು. 2021ರ ಏಪ್ರಿಲ್‌ನಲ್ಲಿ ಪರ್ಲ್ ಬೆವರೇಜಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದಕ್ಕೆ ತೆರೆ ಎಳೆಯಿತು. ಉಸಿರು, ರಕ್ತ ಪರೀಕ್ಷೆಯ ವರದಿ ಇಲ್ಲದಿದ್ದರೂ ಬೇರೆ ಸಂದರ್ಭಗಳಿಂದ ಅಮಲಿನಲ್ಲಿದ್ದದ್ದು ಗೊತ್ತಾದರೆ ಗಾಡಿಯ ಹಾನಿಯ ಕ್ಲೇಮ್ ತಳ್ಳಿಹಾಕಬಹುದು ಅಂತ ತೀರ್ಪು ಬಂತು. ಅಪಘಾತದಲ್ಲಿ ನೊಂದ ಬೇರೆಯವರ ಪರಿಹಾರದ ಲೆಕ್ಕ ಬೇರೆ. ವಿಮಾ ಕಂಪನಿ ಮೊದಲು ಅವರಿಗೆ ಕೊಟ್ಟು ಆಮೇಲೆ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಅಂತ ಕೋರ್ಟುಗಳು ಹೇಳಿದ್ದುಂಟು. ಒಂದೇ ಲಾರಿಯ ಮೇಲೆ ಸಾಲ ಕಟ್ಟುತ್ತಿರುವ ಮನೆಗೆ ಇದು ಎಂಥ ಹೊಡೆತ ಅಂತ ಬಿಡಿಸಿ ಹೇಳಬೇಕಿಲ್ಲ.

ರಸ್ತೆಯನ್ನೂ ನೆನೆಯಿರಿ. ಹಿರಿಯೂರಿನಿಂದ ಐಮಂಗಲ, ಚಿತ್ರದುರ್ಗ, ಭರಮಸಾಗರ, ದಾವಣಗೆರೆ ದಾಟಿ ಹರಿಹರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48 ಬೆಂಗಳೂರು-ಪುಣೆ ದಾರಿ. ರಾತ್ರಿಯಿಡೀ ಲಾರಿ, ಸ್ಲೀಪರ್ ಬಸ್ಸು ಒಂದರ ಹಿಂದೆ ಒಂದು. ಚಿತ್ರದುರ್ಗದಲ್ಲಿ ಹೊಸಪೇಟೆ ಕಡೆಯ ಹೆದ್ದಾರಿ 50 ಬಂದು ಸೇರುತ್ತದೆ. ಲೋಡ್ ಲಾರಿ ನಿಲ್ಲಲು ಎಷ್ಟು ದೂರ ಬೇಕು ಅಂತ ಡ್ರೈವರ್‌ಗಳಿಗೇ ಚೆನ್ನಾಗಿ ಗೊತ್ತು. ಒಂದು ಸೆಕೆಂಡು ತಡವಾಗಿ ಬ್ರೇಕ್ ತುಳಿದರೂ, ಗಂಟೆಗೆ 70 ಕಿಲೋಮೀಟರ್ ವೇಗದ ಗಾಡಿ ಅಷ್ಟರಲ್ಲಿ 19 ಮೀಟರ್ ಮುಂದೆ ಹೋಗಿರುತ್ತದೆ. ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದಂಗಡಿ ಬೇಡ ಅಂತ 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿತು. 2017ರಲ್ಲಿ ಸಣ್ಣ ಊರುಗಳಿಗೆ 220 ಮೀಟರ್ ಅಂತಾಯಿತು, ಪಟ್ಟಣದ ವ್ಯಾಪ್ತಿಗೆ ವಿನಾಯಿತಿ ಸಿಕ್ಕಿತು. ಅಂಗಡಿ ದೂರ ಹೋದರೆ ಒಳ್ಳೆಯದೇ. ಆದರೆ ಬಾಟಲಿ ಕ್ಯಾಬಿನ್‌ನಲ್ಲೇ ಇದ್ದರೆ ಅಂಗಡಿ ಎಷ್ಟು ದೂರ ಇದ್ದು ಏನು ಪ್ರಯೋಜನ?

ಆ ರಾತ್ರಿಯ ಮಾತು

ಒಂದು ಸಂದರ್ಭ ಇಟ್ಟುಕೊಳ್ಳಿ. ದಾವಣಗೆರೆಯಿಂದ ಮೆಕ್ಕೆಜೋಳ ತುಂಬಿದ ಲಾರಿ ತಮಿಳುನಾಡಿಗೆ ಹೋಗಬೇಕು. ಮಾಲೀಕರು ಡ್ರೈವರ್‌ನನ್ನು ಪಕ್ಕಕ್ಕೆ ಕರೆದು ಊದಲು ಹೇಳುತ್ತಾರೆ.

‘ಊದಲ್ಲ ಸಾವ್ಕಾರ್ರೆ. ಇಷ್ಟು ವರ್ಷ ಓಡಿಸಿದೀನಿ, ನನ್ನ ಮೇಲೆ ನಂಬಿಕೆ ಇಲ್ವಾ?’

‘ನಂಬಿಕೆ ಇರೋದಕ್ಕೇ ಇಷ್ಟು ವರ್ಷ ನಿನ್ನ ಕೈಗೆ ಗಾಡಿ ಕೊಟ್ಟಿದೀನಪ್ಪ. ಊದೋದು ಬಿಡೋದು ನಿನ್ನಿಷ್ಟ. ಊದದಿದ್ರೆ ಇವತ್ತು ಕೀ ಕೊಡೋಕಾಗಲ್ಲ. ಯಾಕೆ ಬೇಡ ಅಂತ ಹೇಳು, ಬರ್ಕೊಳ್ತೀನಿ. ನಾಳೆ ಕೂತು ಮಾತಾಡೋಣ.’

ಇಷ್ಟೇ ಮಾತು ಸಾಕು. ‘ಕುಡಿದಿದೀಯ’ ಅನ್ನೋ ಆರೋಪ ಇದರಲ್ಲಿ ಇಲ್ಲ. ‘ನಾಳೆಯಿಂದ ಬರಬೇಡ’ ಅನ್ನೋ ಬೆದರಿಕೆಯೂ ಇಲ್ಲ. ಊದದಿದ್ದರೆ ಏನಾಗುತ್ತದೆ ಅಂತ ಮಾತ್ರ ಸ್ಪಷ್ಟವಾಗಿ ಹೇಳಿದ್ದಾರೆ. ಹಮಾಲರು, ಬೇರೆ ಡ್ರೈವರ್‌ಗಳು ಸುತ್ತ ನಿಂತು ನೋಡುವಾಗ ಈ ಮಾತು ಆಡಬೇಡಿ. ಹತ್ತು ಜನರ ಮುಂದೆ ಮರ್ಯಾದೆ ಹೋಗುತ್ತದೆ ಅಂದರೆ ಕುಡಿಯದವರೂ ಊದಲು ಒಪ್ಪೋದಿಲ್ಲ. ಒಬ್ಬ ಸಾಕ್ಷಿ ಪಕ್ಕದಲ್ಲಿದ್ದರೆ ಸಾಕು.

ಆಮೇಲೆ ಬರೆದಿಡಿ. ಬಹಳ ಜನ ಈ ಕೆಲಸವನ್ನೇ ಬಿಟ್ಟುಬಿಡುತ್ತಾರೆ. ಬರೆಯುವಾಗ ‘ಕುಡಿದಿದ್ದರು’ ಅಂತ ತೀರ್ಪು ಬರೆಯಬೇಡಿ. ಕಂಡದ್ದು ಬರೆಯಿರಿ: ಎಷ್ಟು ಗಂಟೆ, ಎಲ್ಲಿ, ಬಾಯಿಂದ ಮದ್ಯದ ವಾಸನೆ ಬಂತೋ, ಮಾತು ತೊದಲುತ್ತಿತ್ತೋ, ಕಣ್ಣು ಕೆಂಪಾಗಿತ್ತೋ, ಮೆಟ್ಟಿಲು ಹತ್ತುವಾಗ ಜೋಲಿ ಹೊಡೆದರೋ. ಎಷ್ಟು ಸಲ ಕೇಳಿದಿರಿ, ಅವರು ಏನಂದರು ಅನ್ನೋದನ್ನು ಅವರದೇ ಮಾತಿನಲ್ಲಿ ಬರೆಯಿರಿ. ಓದಿ ಹೇಳಿ ಸಹಿ ಕೇಳಿ. ಸಹಿಗೂ ಒಪ್ಪದಿದ್ದರೆ ‘ಸಹಿ ಹಾಕಲು ಒಪ್ಪಲಿಲ್ಲ’ ಅಂತ ಬರೆದು ಸಾಕ್ಷಿಯ ಸಹಿ ಹಾಕಿಸಿ. ಸೆಕ್ಷನ್ 205ರ ಮಾತು ನೆನಪಿದೆಯಲ್ವಾ? ಪೊಲೀಸ್ ಕೇಸಿನಲ್ಲಿ ನಿರಾಕರಣೆಯ ಪಕ್ಕದಲ್ಲಿ ಬೇರೆ ಸಾಕ್ಷ್ಯ ಇರಬೇಕಾದ ಹಾಗೆ, ನಿಮ್ಮ ವಿಚಾರಣೆಯಲ್ಲಿ ಆ ಬೇರೆ ಸಾಕ್ಷ್ಯ ಅಂದರೆ ಈ ಕಾಗದವೇ.

ಅಮಲಿನಲ್ಲಿದ್ದಾರೆ ಅನ್ನಿಸಿದರೆ ಅವರನ್ನು ಬೈಕ್ ಮೇಲೆ ಒಬ್ಬರನ್ನೇ ಮನೆಗೆ ಕಳಿಸಬೇಡಿ. ಆಟೋ ಮಾಡಿಸಿ, ಇಲ್ಲವೇ ಮನೆಯವರನ್ನು ಕರೆಸಿ. ಜಗಳ ಮಾಡಿ ಕೀ ಕಿತ್ತುಕೊಂಡು ಗಾಡಿ ಹೊರಡಿಸಿದರೆ ಬೆನ್ನತ್ತಿ ಹೋಗಬೇಡಿ. 112ಕ್ಕೆ ಫೋನ್ ಮಾಡಿ ಗಾಡಿ ನಂಬರ್, ಹೋದ ದಿಕ್ಕು ಹೇಳಿ. ಹೆಬ್ಬಾಳು ಟೋಲ್ ಕಡೆಗೋ ಗುಯಿಲಾಳು ಟೋಲ್ ಕಡೆಗೋ ಅಂತ ಗೊತ್ತಾದರೆ ತಡೆಯಲು ಅವರಿಗೆ ಸುಲಭ.

ಒಲ್ಲೆ ಅನ್ನೋದಕ್ಕೆ ಕಾರಣ ಒಂದೇ ಅಲ್ಲ

ಒಲ್ಲೆ ಅಂದವರೆಲ್ಲ ಕುಡಿದವರು ಅಂತ ತಿಳಿಯೋದು ತಪ್ಪು. ರಾತ್ರಿ ಕುಡಿದು ಬೆಳಗ್ಗೆ ಬಂದವರಿಗೆ ತಮ್ಮ ಮೈಯಲ್ಲಿ ಇನ್ನೂ ಎಷ್ಟು ಉಳಿದಿದೆ ಅಂತ ಗೊತ್ತಿರೋದಿಲ್ಲ, ಅದಕ್ಕೇ ಹೆದರುತ್ತಾರೆ. ಕೆಮ್ಮಿನ ಸಿರಪ್ ಕುಡಿದವರಿಗೆ, ಹೋಮಿಯೋಪತಿ ಹನಿ ತೆಗೆದುಕೊಂಡವರಿಗೆ ಮಷಿನ್ ತಪ್ಪು ತೋರಿಸೀತು ಅನ್ನೋ ಭಯ. ಒಬ್ಬರು ಊದಿದ ನಳಿಕೆಯಲ್ಲೇ ಇನ್ನೊಬ್ಬರನ್ನು ಊದಿಸುವ ಕಡೆ ‘ಎಂಜಲು’ ಅಂತ ಹಿಂದೆ ಸರಿಯೋದು ಸಹಜ. ಪ್ರತಿಯೊಬ್ಬರಿಗೂ ಹೊಸ ನಳಿಕೆ ಕೊಡಿ, ಅವರ ಕಣ್ಣೆದುರೇ ಪ್ಯಾಕೆಟ್ ಒಡೆಯಿರಿ. ಅಸ್ತಮಾ ಇರುವವರಿಗೆ ಬೇಕಾದಷ್ಟು ಹೊತ್ತು ಊದಲು ಆಗದೇ ಇರಬಹುದು. ಅದು ಆಗದಿರುವುದು, ಒಲ್ಲೆ ಅನ್ನೋದಲ್ಲ. ಅಂಥವರನ್ನು ಡಾಕ್ಟರ ಹತ್ತಿರ ಕಳಿಸಿ. ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಅಂಶ ತೀರಾ ಇಳಿದರೂ ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ. ಆಗ ಬೇಕಾಗಿರೋದು ಚಿಕಿತ್ಸೆ, ಬೈಗುಳ ಅಲ್ಲ.

ಇನ್ನೊಂದು ಕಾರಣವನ್ನು ಮಾಲೀಕರು ಮನಸ್ಸಿಟ್ಟು ಕೇಳಬೇಕು. ‘ಬಾಟಾ (ಟ್ರಿಪ್ಪಿನ ಭತ್ಯೆ) ಬಾಕಿ ಕೇಳಿದ್ದಕ್ಕೆ ಊದು ಅಂತಿದಾರೆ’ ಅನ್ನುವ ಡ್ರೈವರ್‌ಗಳಿದ್ದಾರೆ. ಯಾರ ಮೇಲೆ ಸಿಟ್ಟಿದೆಯೋ ಅವರಿಗೆ ಮಾತ್ರ ಮಷಿನ್ ಹಿಡಿದರೆ ಅದು ಪರೀಕ್ಷೆ ಅಲ್ಲ, ಸೇಡು. ಗಾಡಿ ಹೊರಡುವ ಮುಂಚೆ ಪ್ರತಿಯೊಬ್ಬರೂ ಊದಬೇಕು, ಮಾಲೀಕರೇ ಸ್ಟಿಯರಿಂಗ್ ಹಿಡಿದರೆ ಅವರೂ ಊದಬೇಕು. ಹೀಗೆ ಮಾಡಿದರೆ ಅರ್ಧಕ್ಕರ್ಧ ಜಗಳ ಹುಟ್ಟೋದೇ ಇಲ್ಲ.

ಮಷಿನ್ ತಪ್ಪು ತೋರಿಸಬಹುದು ಅನ್ನೋ ಭಯಕ್ಕೆ ಬುಡ ಇದೆ. 2025ರ ಜುಲೈನಲ್ಲಿ ಕೇರಳದ ಪಂದಳಂ ಸರ್ಕಾರಿ ಬಸ್ ಡಿಪೊದಲ್ಲಿ ಕುಡಿಯದ ಡ್ರೈವರ್‌ಗಳು ಊದಿದಾಗ ಮಷಿನ್ ಮದ್ಯ ಇದೆ ಅಂದಿತು. ಅವರು ತಿಂದಿದ್ದದ್ದು ಚೆನ್ನಾಗಿ ಕಳಿತ ಹಲಸಿನ ಹಣ್ಣು. ಹಲಸು ತಿನ್ನುವ ಮುಂಚೆ, ತಿಂದಮೇಲೆ ಊದಿಸಿ ನೋಡಿದಾಗ ವಿಷಯ ಗೊತ್ತಾಯಿತು. ಕಳಿತ ಹಣ್ಣಿನಲ್ಲಿ ಹುಳಿಯುವಾಗ ಹುಟ್ಟುವ ಆಲ್ಕೋಹಾಲ್ ಬಾಯಲ್ಲಿ ಸ್ವಲ್ಪ ಹೊತ್ತು ಉಳಿಯುತ್ತದೆ, ಅಷ್ಟೇ. ಮೌತ್‌ವಾಶ್, ಸಿರಪ್ ಕೂಡ ಹೀಗೇ. ಮಷಿನ್ ಅಳೆಯಬೇಕಿರೋದು ಶ್ವಾಸಕೋಶದ ಆಳದಿಂದ ಬಂದ ಉಸಿರನ್ನು. ರಕ್ತದಲ್ಲಿರುವ ಆಲ್ಕೋಹಾಲ್ ಉಸಿರಿಗಿಂತ ಸುಮಾರು 2,100 ಪಟ್ಟು ಅನ್ನುವ ಲೆಕ್ಕದ ಮೇಲೆ ಅದು ರಕ್ತದ ಅಂಕಿ ತೋರಿಸುತ್ತದೆ. ಬಾಯಲ್ಲೇ ಆಲ್ಕೋಹಾಲ್ ಇದ್ದರೆ ಲೆಕ್ಕ ಕೆಡುತ್ತದೆ. ಪರಿಹಾರ ಸುಲಭ. ಬಾಯಿ ಮುಕ್ಕಳಿಸಿ, ಏನೂ ತಿನ್ನದೆ ಕುಡಿಯದೆ 15-20 ನಿಮಿಷ ಕೂತು ಮತ್ತೆ ಊದಲಿ. ಹಣ್ಣಿನದ್ದಾದರೆ ಅಂಕಿ ಸೊನ್ನೆಗೆ ಇಳಿಯುತ್ತದೆ. ಕುಡಿದದ್ದಾದರೆ ಹೆಚ್ಚುಕಡಿಮೆ ಅಷ್ಟೇ ನಿಲ್ಲುತ್ತದೆ. ‘ಎರಡನೇ ಸಲ ಊದಲು ಅವಕಾಶ ಇದೆ’ ಅಂತ ಮೊದಲೇ ಹೇಳಿದರೆ ಎಷ್ಟೋ ‘ಊದಲ್ಲ’ಗಳು ‘ಆಯ್ತು, ಊದ್ತೀನಿ’ ಆಗುತ್ತವೆ. ಮಷಿನ್‌ನ ಅಳತೆಯನ್ನು ಕಾಲಕಾಲಕ್ಕೆ ಸರಿ ಮಾಡಿಸಿ ಆ ರಸೀತಿ ಇಟ್ಟುಕೊಳ್ಳಿ.

ರಾತ್ರಿಯದು ಬೆಳಗ್ಗೆವರೆಗೆ ಉಳಿಯುವ ಲೆಕ್ಕವನ್ನು ಪ್ರತಿ ಡ್ರೈವರ್‌ಗೂ ಹೇಳಿಕೊಡಬೇಕು. ಸಾಮಾನ್ಯವಾಗಿ ಮೈ ಒಂದು ಗಂಟೆಗೆ ಕರಗಿಸೋದು 100 ಮಿಲಿಲೀಟರ್ ರಕ್ತಕ್ಕೆ 15ರಿಂದ 20 ಮಿಲಿಗ್ರಾಂ ಮಾತ್ರ. ರಾತ್ರಿ 11ಕ್ಕೆ 150 ಮಿಲಿಗ್ರಾಂ ಇತ್ತು ಅನ್ನಿ. ಗಂಟೆಗೆ 15 ಕರಗಿದರೆ ಬೆಳಗ್ಗೆ 6ಕ್ಕೆ 105 ಹೋಗಿ ಇನ್ನೂ 45 ಉಳಿದಿರುತ್ತದೆ. ಕಾನೂನಿನ ಮಿತಿ 30. ನಿದ್ದೆ ಆಗಿದೆ, ಸ್ನಾನ ಆಗಿದೆ, ತಲೆ ನೆಟ್ಟಗಿದೆ ಅನ್ನಿಸುತ್ತದೆ. ಆದರೂ ಮಿತಿ ಮೀರಿದ ಹಾಗೇ. ನಿಂಬೆಹಣ್ಣು, ಮಜ್ಜಿಗೆ, ಕಾಫಿ ಯಾವುದೂ ಇದನ್ನು ಬೇಗ ಇಳಿಸೋದಿಲ್ಲ. ಗುಟ್ಕಾ, ಏಲಕ್ಕಿ ವಾಸನೆ ಮುಚ್ಚುತ್ತವೆ, ಉಸಿರಿನ ಅಂಕಿ ಮುಚ್ಚೋದಿಲ್ಲ.

ಗಾಂಜಾ, ಮಾತ್ರೆ: ಇಲ್ಲಿ ಕೈ ಬಿಗಿ ಹಿಡಿಯಿರಿ

ಉಸಿರು ಪರೀಕ್ಷೆಯ ಈ ಮಷಿನ್‌ಗೆ ಗಾಂಜಾ, ಗಸಗಸೆ ಹೊಟ್ಟು, ಟ್ರಮಡಾಲ್‌ನಂಥ ನೋವಿನ ಮಾತ್ರೆ ಗೊತ್ತಾಗೋದಿಲ್ಲ. ಅದಕ್ಕೆ ಮೂತ್ರ ಅಥವಾ ರಕ್ತ ಬೇಕು. ಮೆಡಿಕಲ್ ಶಾಪಿನಲ್ಲಿ ಸಿಗುವ ಕಿಟ್ ‘ಇರಬಹುದು’ ಅಂತ ಹೇಳುತ್ತದೆ, ‘ಇದೆ’ ಅಂತ ಅಲ್ಲ. ಲ್ಯಾಬಿನಲ್ಲಿ ಖಚಿತ ಪರೀಕ್ಷೆ ಆಗಬೇಕು. ಅದಾದರೂ ಇನ್ನೊಂದು ಮಿತಿ ಇದೆ. ದಿನಾ ಗಾಂಜಾ ಸೇದುವವರ ಮೂತ್ರದಲ್ಲಿ ಅದರ ಗುರುತು ವಾರಗಟ್ಟಲೆ ಇರುತ್ತದೆ. ಪಾಸಿಟಿವ್ ಬಂದರೆ ಎಂದೋ ಸೇದಿದ್ದಾರೆ ಅಂತ ಗೊತ್ತಾಯಿತು. ಈಗ ಅಮಲಿನಲ್ಲಿದ್ದಾರೆ ಅಂತ ಅಲ್ಲ.

ಭಯವೂ ಇಲ್ಲಿ ಬೇರೆ ಥರ. ಮದ್ಯ ಕುಡಿಯೋದೇ ಅಪರಾಧ ಅಲ್ಲ, ಕುಡಿದು ಓಡಿಸೋದು ಅಪರಾಧ. ಗಾಂಜಾ ಹಾಗಲ್ಲ. 1985ರ ಮಾದಕ ವಸ್ತು ಕಾಯ್ದೆಯ ಸೆಕ್ಷನ್ 27ರಲ್ಲಿ ಸೇವಿಸೋದಕ್ಕೇ ಶಿಕ್ಷೆ ಇದೆ. ಕೊಕೇನ್, ಹೆರಾಯಿನ್‌ನಂಥದ್ದಕ್ಕೆ 1 ವರ್ಷದವರೆಗೆ, ಉಳಿದವಕ್ಕೆ 6 ತಿಂಗಳವರೆಗೆ ಜೈಲು ಆಗಬಹುದು. ಮೂತ್ರ ಕೊಟ್ಟರೆ ಕೇಸ್ ಬಿದ್ದೀತು ಅಂತ ಡ್ರೈವರ್ ಹೆದರಿದರೆ ತಪ್ಪೇನಿದೆ? ಹಾಗಾಗಿ ವರದಿ ಯಾರ ಕೈಗೆ ಹೋಗುತ್ತದೆ, ಯಾರಿಗೆ ತೋರಿಸೋದಿಲ್ಲ ಅನ್ನೋದನ್ನು ಮೊದಲೇ ಬರೆದುಕೊಡಿ. ವರದಿಯ ಫೋಟೋವನ್ನು ಲಾರಿ ಮಾಲೀಕರ ವಾಟ್ಸಾಪ್ ಗ್ರೂಪಿಗೆ ಹಾಕೋದು ದೊಡ್ಡ ಅನ್ಯಾಯ. ಅದೇ ಕಾಯ್ದೆಯ ಸೆಕ್ಷನ್ 64ಎ ಒಂದು ಬಾಗಿಲನ್ನೂ ತೆರೆದಿದೆ. ಚಟಕ್ಕೆ ಬಿದ್ದವರು ತಾವಾಗಿ ಮಾನ್ಯತೆ ಇರುವ ಕಡೆ ಚಿಕಿತ್ಸೆಗೆ ಹೋದರೆ ಸೇವನೆಯ ಕೇಸಿನಿಂದ ರಕ್ಷಣೆ ಸಿಗುತ್ತದೆ. ಚಟ ಬಿಡಿಸುವ ಸಲಹೆಗೆ ದೇಶದ ಉಚಿತ ಸಹಾಯವಾಣಿ 14446.

ಇಲ್ಲೊಂದು ಮಾತು ಹೇಳಲೇಬೇಕು. ಎರಡು ರಾತ್ರಿ ನಿದ್ದೆ ಇಲ್ಲದೆ ಓಡಿಸಿ, ಮೂರನೇ ಟ್ರಿಪ್ಪಿಗೆ ‘ಹೋಗಿ ಬಾ’ ಅಂದರೆ ಡ್ರೈವರ್ ಎಚ್ಚರ ಇರಲು ಏನನ್ನಾದರೂ ಹುಡುಕುತ್ತಾರೆ. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನೋ ಮಿತಿಯನ್ನು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲೇ ಬರೆಯಲಾಗಿತ್ತು. ಅದಿರು ಲಾರಿ ಇರಲಿ, ಅಡಿಕೆ ಲಾರಿ ಇರಲಿ, ಟ್ರಿಪ್ ಲೆಕ್ಕದ ಸಂಬಳ ಇರುವ ತನಕ ಈ ಒತ್ತಡ ಇದ್ದೇ ಇರುತ್ತದೆ. ಊದಿಸುವ ಮಾಲೀಕರು ನಿದ್ದೆಯ ಲೆಕ್ಕವನ್ನೂ ಕೇಳಬೇಕು.

ಅಮೆರಿಕದವರು ಹೇಗೆ ಬಿಡಿಸಿಕೊಂಡರು

ಒಲ್ಲೆ ಅಂದವರ ವಿಷಯದಲ್ಲಿ ಅಮೆರಿಕದಲ್ಲಿ ಬಹಳ ವಿವರವಾದ ನಿಯಮ ಇದೆ. 1987ರ ಜನವರಿಯಲ್ಲಿ ಮೇರಿಲ್ಯಾಂಡ್‌ನ ಚೇಸ್ ಹತ್ತಿರ ರೈಲು ಅಪಘಾತ ಆಗಿ 16 ಜನ ಸತ್ತರು. ಸಿಗ್ನಲ್ ದಾಟಿ ಬಂದ ಎಂಜಿನ್‌ಗಳ ಸಿಬ್ಬಂದಿ ಗಾಂಜಾ ಸೇದಿದ್ದರು ಅಂತ ಆಮೇಲೆ ಗೊತ್ತಾಯಿತು. 1991ರಲ್ಲಿ ಬಂದ ಕಾನೂನಿನಿಂದ ಟ್ರಕ್, ಬಸ್ ಡ್ರೈವರ್‌ಗಳಿಗೂ ಪರೀಕ್ಷೆ ಕಡ್ಡಾಯವಾಯಿತು. ಅಲ್ಲಿ ಒಲ್ಲೆ ಅಂದರೆ ಪಾಸಿಟಿವ್ ಬಂದ ಹಾಗೇ ಲೆಕ್ಕ. ತಕ್ಷಣ ಗಾಡಿಯಿಂದ ಇಳಿಸಬೇಕು. ನಿರಾಕರಣೆ ದೇಶಕ್ಕೆಲ್ಲ ಒಂದೇ ಆದ ದಾಖಲೆಗೆ ಹೋಗುತ್ತದೆ. 2020ರ ಜನವರಿಯಲ್ಲಿ ಶುರುವಾದ ಈ ದಾಖಲೆಯನ್ನು ಡ್ರೈವರ್ ಸೇರಿಸಿಕೊಳ್ಳುವ ಮುಂಚೆ ಪ್ರತಿ ಕಂಪನಿಯೂ ನೋಡಬೇಕು.

ಆ ವ್ಯವಸ್ಥೆಯನ್ನು ಹಾಗೇ ಇಲ್ಲಿಗೆ ತರಬೇಕು ಅಂತ ನಾನು ಹೇಳೋದಿಲ್ಲ. ನಮ್ಮಲ್ಲಿ ಆ ಲ್ಯಾಬು, ಆ ಮೇಲ್ಮನವಿ ವ್ಯವಸ್ಥೆ ಇಲ್ಲದೆ ‘ಒಲ್ಲೆ ಅಂದರೆ ಕುಡಿದ ಹಾಗೆ’ ಅನ್ನೋದನ್ನು ಮಾತ್ರ ತಂದರೆ ಬಡವರು ಸಿಕ್ಕಿಹಾಕಿಕೊಳ್ಳುತ್ತಾರೆ. ಆದರೆ ಕಲಿಯುವಂಥದ್ದು ಇದೆ. ಒಲ್ಲೆ ಅಂದರೆ ಏನು ಅಂತ ಅವರು ಬಿಡಿಸಿ ಬರೆದಿದ್ದಾರೆ. ಬಾಯಿ ಬಿಟ್ಟು ಬೇಡ ಅನ್ನೋದು ಮಾತ್ರ ಅಲ್ಲ. ಹೇಳಿದ ಹೊತ್ತಿಗೆ ಬರದಿರೋದು, ಮುಗಿಯುವ ಮುಂಚೆ ಎದ್ದು ಹೋಗೋದು, ಮೂತ್ರದ ಮಾದರಿಯಲ್ಲಿ ಮೋಸ ಮಾಡೋದು ಕೂಡ ಒಲ್ಲೆ ಅಂದ ಹಾಗೇ. ಮೂತ್ರ ಬರುತ್ತಿಲ್ಲ ಅಂದವರಿಗೆ ಮಾತ್ರ 3 ಗಂಟೆ ಸಮಯ ಕೊಡುತ್ತಾರೆ, ಅಷ್ಟರಲ್ಲಿ ಸುಮಾರು 1.2 ಲೀಟರ್‌ವರೆಗೆ ನೀರು ಕುಡಿಯಬಹುದು. ಆಮೇಲೂ ಆಗದಿದ್ದರೆ ವೈದ್ಯರು ಪರೀಕ್ಷಿಸುತ್ತಾರೆ, ಕಾಯಿಲೆಯ ಕಾರಣ ಇದ್ದರೆ ಅದು ನಿರಾಕರಣೆ ಅಲ್ಲ. ಅನುಮಾನದ ಮೇಲೆ ಪರೀಕ್ಷೆಗೆ ಕಳಿಸುವ ಮೇಲ್ವಿಚಾರಕರಿಗೂ ತರಬೇತಿ ಕಡ್ಡಾಯ, ಮದ್ಯದ ಬಗ್ಗೆ 1 ಗಂಟೆ, ಡ್ರಗ್ಸ್ ಬಗ್ಗೆ 1 ಗಂಟೆ. ಅಂದ ಹಾಗೆ ಟ್ರಕ್ ಡ್ರೈವರ್‌ಗಳಿಗೆ ಅವರ ಮಿತಿ 40 ಮಿಲಿಗ್ರಾಂ. ಅಂಕಿಯಲ್ಲಿ ನಮ್ಮದೇ ಬಿಗಿ.

ಒಂದು ಪುಟದ ಕಾಗದ

ನಮ್ಮ ಕಡೆಯ ಸಣ್ಣ ಮಾಲೀಕರಿಗೆ ಬೇಕಿರೋದು ಕನ್ನಡದಲ್ಲಿ ಬರೆದ ಒಂದು ಪುಟ. ಪ್ರತಿ ಟ್ರಿಪ್ಪಿಗೂ ಮುಂಚೆ ಎಲ್ಲರೂ ಊದಬೇಕು. ಊದದಿದ್ದರೆ ಆ ದಿನ ಕೀ ಇಲ್ಲ. ಅಂಕಿ ಬಂದರೆ 20 ನಿಮಿಷ ಬಿಟ್ಟು ಇನ್ನೊಂದು ಅವಕಾಶ. ಅದನ್ನೂ ಒಪ್ಪದಿದ್ದರೆ ತಮ್ಮ ಇಷ್ಟದ ಲ್ಯಾಬಿನಲ್ಲಿ ಆಗಲೇ ರಕ್ತ ಕೊಡಬಹುದು, ಕುಡಿದಿಲ್ಲ ಅಂತ ಬಂದರೆ ಲ್ಯಾಬಿನ ಖರ್ಚು ಮತ್ತು ತಪ್ಪಿದ ಟ್ರಿಪ್ಪಿನ ಬಾಟಾ ಮಾಲೀಕರದು. ದುಡಿದ ಸಂಬಳವನ್ನು ಯಾವ ಕಾರಣಕ್ಕೂ ಹಿಡಿಯೋದಿಲ್ಲ. ಆಯುಧ ಪೂಜೆಗೆ ಗಾಡಿಗಳೆಲ್ಲ ಊರಿಗೆ ಬಂದಿರುತ್ತವೆ, ಎಲ್ಲ ಡ್ರೈವರ್‌ಗಳೂ ಸಿಗುತ್ತಾರೆ. ಆವತ್ತು ಕೂರಿಸಿ ಓದಿ ಹೇಳಿ, ಒಂದು ಪ್ರತಿ ಅವರ ಕೈಗೆ ಕೊಡಿ. ಹಿಂದಿ ಮಾತಾಡುವ ಡ್ರೈವರ್ ಇದ್ದರೆ ಅವರ ಭಾಷೆಯಲ್ಲಿ ತಿಳಿಸಿ.

ಮತ್ತೆ ಮತ್ತೆ ಒಲ್ಲೆ ಅಂದರೆ ಶಿಸ್ತುಕ್ರಮ ತೆಗೆದುಕೊಳ್ಳಬಹುದು. ಮೇಲಿನವರ ನ್ಯಾಯವಾದ ಆದೇಶವನ್ನು ಬೇಕೆಂದೇ ಧಿಕ್ಕರಿಸೋದು ದುರ್ನಡತೆ ಅಂತ ಕಾರ್ಮಿಕ ಕಾನೂನಿನ ಮಾದರಿ ಸ್ಥಾಯಿ ಆದೇಶಗಳಲ್ಲೇ, ಅಂದರೆ ಕೆಲಸದ ಷರತ್ತು-ಶಿಸ್ತಿನ ಮಾದರಿ ನಿಯಮಗಳಲ್ಲೇ, ಇದೆ. ಆ ನಿಯಮ ದೊಡ್ಡ ಸಂಸ್ಥೆಗಳಿಗೆ. ಆದರೆ ದಾರಿ ಸಣ್ಣವರಿಗೂ ಅದೇ: ಆರೋಪ ಬರೆದು ಕೊಡಿ, ಉತ್ತರಕ್ಕೆ ಸಮಯ ಕೊಡಿ, ಆರೋಪ ಹೊರಿಸಿದವರೇ ವಿಚಾರಣೆ ಮಾಡಬೇಡಿ, ಕ್ಲೀನರ್ ಸಾಕ್ಷಿ ಹೇಳುವಾಗ ಡ್ರೈವರ್ ಪ್ರಶ್ನೆ ಕೇಳಲಿ. ಶಿಕ್ಷೆ ತಪ್ಪಿಗೆ ತಕ್ಕಷ್ಟೇ ಇರಲಿ. ಉತ್ತರ ಪ್ರದೇಶದಲ್ಲಿ ಸಶಸ್ತ್ರ ಪೊಲೀಸರ ಟ್ರಕ್ಕನ್ನು ಕುಡಿದು ಓಡಿಸಿ ಜೀಪಿಗೆ ಗುದ್ದಿದ ಡ್ರೈವರ್ ವಿಷಯದಲ್ಲಿ 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ದೊಡ್ಡ ಅನಾಹುತ ಆಗಲಿಲ್ಲ ಅನ್ನೋದು ಅದೃಷ್ಟ, ಅದೇ ಕಾರಣಕ್ಕೆ ರಿಯಾಯಿತಿ ಕೊಡಲಾಗದು ಅಂದಿತು. ಹಾಗೇ, ದೀರ್ಘ ಸೇವೆ ನೋಡಿ ವಜಾ ಶಿಕ್ಷೆಯನ್ನು ಕಡ್ಡಾಯ ನಿವೃತ್ತಿಗೆ ಇಳಿಸಿತು. ಮನೆಯವರಿಗೆ ಸಿಗಬೇಕಾದ ಸೌಲಭ್ಯ ಉಳಿಯಿತು.

ತಪ್ಪು ಒಪ್ಪಿಕೊಂಡು ಚಿಕಿತ್ಸೆಗೆ ಹೋಗುತ್ತೇನೆ ಅನ್ನುವ ಡ್ರೈವರ್ ಇದ್ದರೆ ಕೈ ಬಿಡಬೇಡಿ. ದಾರಿ ಗೊತ್ತಿರುವ, ಗಾಡಿಯ ಶಬ್ದದಲ್ಲೇ ಕಾಯಿಲೆ ಹಿಡಿಯುವ ಡ್ರೈವರ್ ಈಗ ಸಿಗೋದು ಕಷ್ಟ. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಕೇಳಿ, ಇಲ್ಲವೇ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್‌ಗೆ ಕಳಿಸಿ. ದಿನಾ ಜಾಸ್ತಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್ ಬರಬಹುದು. ಅದಕ್ಕೇ ‘ನಾಳೆಯಿಂದ ಬಿಟ್ಟುಬಿಡು’ ಅಂತ ಮನೆಯಲ್ಲಿ ಕೂರಿಸದೆ ಡಾಕ್ಟರ ಹತ್ತಿರವೇ ಕರೆದುಕೊಂಡು ಹೋಗಬೇಕು. ಅಷ್ಟು ದಿನ ಗಾಡಿ ಬಿಟ್ಟು ಲೋಡಿಂಗ್ ನೋಡಿಕೊಳ್ಳುವ ಕೆಲಸ ಕೊಡಿ. ವಾಪಸ್ ಸ್ಟಿಯರಿಂಗ್ ಹಿಡಿದ ಮೇಲೆ ಯಾವ ದಿನ ಅಂತ ಹೇಳದೆ ಆಗಾಗ ಪರೀಕ್ಷೆ ಮಾಡಿ. ಅಮೆರಿಕದಲ್ಲಿ ಹೀಗೆ ಮರಳಿದವರಿಗೆ ಮೊದಲ 12 ತಿಂಗಳಲ್ಲಿ ಕನಿಷ್ಠ 6 ಸಲ ಪರೀಕ್ಷೆ ಇದೆ. ಆ ಅವಧಿಯಲ್ಲಿ ಮತ್ತೆ ಒಲ್ಲೆ ಅಂದರೆ ಏನು ಮಾಡುತ್ತೀರಿ ಅನ್ನೋದನ್ನು ಅವರು ವಾಪಸ್ ಬರುವ ದಿನವೇ ಮಾತಾಡಿ, ಅದೇ ಒಂದು ಪುಟದ ಕೆಳಗೆ ಬರೆದು ಇಬ್ಬರೂ ಸಹಿ ಹಾಕಿ.